ಮಳೆಗಾಲದಲ್ಲಿ ನಾಯಿ-ಬೆಕ್ಕಿಗೆ ಮನೆಮದ್ದು: ಮೊದಲು ತುಟಿ ಎತ್ತಿ ನೋಡಿ

ನಾಯಿ ಮಂಕಾಗಿದೆ ಅನ್ನಿಸಿದ ಕೂಡಲೇ ನಾವು ಅಡುಗೆಮನೆ ಕಡೆ ಓಡುತ್ತೇವೆ. ಅರಶಿನ, ತೆಂಗಿನೆಣ್ಣೆ, ಜೀರಿಗೆ ಕಷಾಯ, ಏನಾದರೊಂದು ಕೈಗೆ ಸಿಗುತ್ತದೆ. ಅದಕ್ಕೂ ಮೊದಲು ಒಂದು ಕೆಲಸ ಇದೆ. ಅದರ ಮೇಲ್ದುಟಿ ಮೆಲ್ಲಗೆ ಎತ್ತಿ ಒಸಡು ನೋಡಿ. ಹುಷಾರಾಗಿದ್ದರೆ ಒಸಡು ತಿಳಿ ಗುಲಾಬಿ ಬಣ್ಣ, ಮುಟ್ಟಿದರೆ ಒದ್ದೆ. ಬೆರಳಿನಿಂದ ಒಮ್ಮೆ ಒತ್ತಿ ಬಿಡಿ. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಕೆಲವು ನಾಯಿಗಳಿಗೆ ಒಸಡೇ ಕಪ್ಪು. ಅಂಥವಕ್ಕೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಭಾಗ ನೋಡಿ. ಬಿಳಿಚಿದ್ದರೆ, ಹಳದಿಯಾಗಿದ್ದರೆ, ಒಣಗಿ ಅಂಟಂಟಾಗಿದ್ದರೆ ಮನೆಮದ್ದಿನ ಮಾತೇ ಬೇಡ. ಪಶುವೈದ್ಯರ ಹತ್ತಿರ ಹೊರಡಿ.

ಇದನ್ನು ನಾನು ಕಲಿತದ್ದು ತಡವಾಗಿ. ಜೋರು ಮಳೆಯ ಒಂದು ಆಟಿ ತಿಂಗಳಲ್ಲಿ ಉಡುಪಿಯ ನಮ್ಮ ಮನೆಯ ನಾಯಿ ಕಾಳು ಊಟ ಬಿಟ್ಟು ಮೂಲೆಯಲ್ಲಿ ಮಲಗಿದ್ದ. "ಮಳೆಗೆ ಹಾಗೆ ಮಗಾ, ಸ್ವಲ್ಪ ಕಷಾಯ ಕುಡಿಸು" ಅಂದರು ದೊಡ್ಡಮ್ಮ. ಎರಡು ದಿನ ಕುಡಿಸಿದೆ. ಮೂರನೇ ದಿನ ವೈದ್ಯರು ತುಟಿ ಎತ್ತಿ ತೋರಿಸಿದಾಗ ಒಸಡು ಕಾಗದದ ಹಾಗೆ ಬಿಳಿ. ರಕ್ತ ಹೀರುವ ಉಣುಗು, ಅಂದರೆ ಉಣ್ಣೆಯಿಂದ ಬಂದ ಜ್ವರ. ಕಾಳು ಉಳಿದುಕೊಂಡ. ಆದರೆ ಆ ಎರಡು ದಿನ ಅವನು ಸುಮ್ನೆ ನರಳಿದ. ಒಂದೆರಡು ದಿನದ ಸಣ್ಣಪುಟ್ಟ ತೊಂದರೆಗೆ ಮನೆಯಲ್ಲೇ ಆರೈಕೆ ಮಾಡೋಣ, ಖಂಡಿತ. ಅದು ಸಣ್ಣಪುಟ್ಟದ್ದೇ ಹೌದಾ ಅಂತ ಮೊದಲು ನೋಡಿಕೊಳ್ಳಬೇಕು.

ಉಣುಗು ತೆಗೆಯುವುದು

ಕರಾವಳಿಯಲ್ಲಿ ನಾಯಿ ಸಾಕುವವರಿಗೆ ದೊಡ್ಡ ತಲೆನೋವು ಇದೇ. ದಿನಾ ಸಂಜೆ ಹತ್ತು ನಿಮಿಷ ಜಗಲಿಯಲ್ಲಿ ಕೂತು, ಒಳ್ಳೆ ಬೆಳಕಿನಲ್ಲಿ ಮೈ ತಡವಿ ನೋಡಿ. ಕಿವಿಯ ಒಳಮಡಿಕೆ, ಕತ್ತು, ಕಂಕುಳು, ಬಾಲದ ಬುಡ, ಬೆರಳ ಸಂದು ಬಿಡಬೇಡಿ. ಹೊಸದಾಗಿ ಹತ್ತಿದ್ದು ಎಳ್ಳಿನಷ್ಟೇ ಇರುತ್ತದೆ. ರಕ್ತ ಕುಡಿದು ಊದಿದ್ದು ಕರಿಮೆಣಸಿಗಿಂತ ದೊಡ್ಡದು, ಬೂದಿ ಬಣ್ಣ, ಮುಟ್ಟಿದರೆ ಮೆತ್ತಗೆ.

ಚಿಮುಟದ ತುದಿಯಿಂದ ಅದನ್ನು ಚರ್ಮಕ್ಕೆ ಆದಷ್ಟು ಹತ್ತಿರ, ಅಂದರೆ ತಲೆಯ ಹತ್ತಿರ ಹಿಡಿಯಿರಿ. ತಿರುಚಬೇಡಿ. ಒಂದೇ ಸಮ ನೇರ ಮೇಲಕ್ಕೆ ಎಳೆಯಿರಿ. ಸ್ವಲ್ಪ ಹೊತ್ತು ಚರ್ಮವೂ ಜೊತೆಗೆ ಎದ್ದು ಬರುತ್ತದೆ, ಆಮೇಲೆ ಅದು ಬಿಡುತ್ತದೆ. ತೆಗೆದದ್ದನ್ನು ಸೋಪಿನ ನೀರಿನ ಡಬ್ಬಿಗೆ ಹಾಕಿ. ಬೆರಳಲ್ಲಿ ಹಿಸುಕಬೇಡಿ. ಕಚ್ಚಿದ ಜಾಗ ಉಪ್ಪುನೀರಿನಲ್ಲಿ ಒರೆಸಿ. ಎಣ್ಣೆ ಸುರಿದು ಉಸಿರುಗಟ್ಟಿಸುವುದು, ಊದುಬತ್ತಿಯಿಂದ ಸುಡುವುದು ಎರಡೂ ತಪ್ಪು. ಸಾಯುವ ಮೊದಲು ಅದು ಹೊಟ್ಟೆಯಲ್ಲಿದ್ದದ್ದನ್ನು ನಾಯಿಯ ರಕ್ತಕ್ಕೇ ಕಾರಬಹುದು.

ಸೀಮೆಎಣ್ಣೆ ಹಚ್ಚುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಕೈಮುಗಿದು ಹೇಳುತ್ತೇನೆ, ಹಚ್ಚಬೇಡಿ. ಚರ್ಮ ಸುಡುತ್ತದೆ. ನಾಯಿ ನೆಕ್ಕಿದರೆ, ಅದರ ಆವಿ ಎಳೆದುಕೊಂಡರೆ ಶ್ವಾಸಕೋಶಕ್ಕೇ ಪೆಟ್ಟು.

ಕಹಿಬೇವಿನ ನೀರು ಬೇಕಾದರೆ ಮಾಡಿ. ಎರಡು ಲೀಟರ್ ನೀರಿಗೆ ಎರಡು ಹಿಡಿ ಎಲೆ, ಹತ್ತು ನಿಮಿಷ ಕುದಿಸಿ, ಪೂರ್ತಿ ಆರಿಸಿ, ಸೋಸಿ. ಸ್ನಾನದ ಕೊನೆಗೆ ನಾಯಿಯ ಮೈಮೇಲೆ ಸುರಿದು ಒರೆಸಿ. ಕೆರೆತ ಸ್ವಲ್ಪ ತಗ್ಗಬಹುದು. ಉಣುಗು ಸಾಯುತ್ತದೆ ಅಂತ ನಂಬಿ ಕೂರಬೇಡಿ. ಅದಕ್ಕೆ ವೈದ್ಯರು ಕೊಡುವ ಮಾತ್ರೆಯೋ ಕತ್ತಿನ ಹಿಂದೆ ಹಾಕುವ ಔಷಧಿಯೋ ಬೇಕು.

ಇನ್ನೊಂದು ವಿಷಯ ತುಂಬಾ ಜನ ಮರೆಯುತ್ತಾರೆ. ನಾಯಿಯ ಮೈಮೇಲೆ ಕಾಣುವುದು ಸ್ವಲ್ಪ ಮಾತ್ರ, ಉಳಿದದ್ದು ಮನೆಯ ಸುತ್ತ ಇರುತ್ತದೆ. ಹೆಣ್ಣು ಉಣುಗು ರಕ್ತ ಕುಡಿದು ಕೆಳಗೆ ಬಿದ್ದು, ಗೋಡೆ ಹತ್ತಿ, ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಗಾರೆ ಮಾಡದ ಮುರಕಲ್ಲಿನ ಗೋಡೆಯ ತೂತುಗಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ನಾಯಿ ಮಲಗುವ ಗೋಣಿಚೀಲವನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ತೊಳೆಯಿರಿ. ಮೂಲೆ, ಸಂದಿ, ಮೆಟ್ಟಿಲ ಅಡಿಗೆ ಕುದಿನೀರು ಸುರಿಯಿರಿ. ಗೋಡೆಯ ಬಿರುಕು ಮುಚ್ಚಿಸಿ.

ಒದ್ದೆ ಪಾದ, ಕೆರೆತ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಅಂಗಳ ಒಣಗುವುದೇ ಇಲ್ಲ, ಅಲ್ವಾ? ಬೆರಳ ಸಂದು ಸದಾ ಒದ್ದೆ. ನಾಯಿ ಪಾದ ನೆಕ್ಕುತ್ತಲೇ ಇರುತ್ತದೆ, ಸಂದು ಕೆಂಪಾಗುತ್ತದೆ, ಹುಳಿ ವಾಸನೆ ಶುರುವಾಗುತ್ತದೆ.

ಹೊರಗಿಂದ ಬಂದ ಕೂಡಲೇ ಉಗುರುಬೆಚ್ಚಗಿನ ನೀರಿನಲ್ಲಿ ಕೆಸರು ತೊಳೆಯಿರಿ. ಹಳೆ ಬೈರಾಸಿನಿಂದ ಒಂದೊಂದೇ ಬೆರಳ ಸಂದು ಬಿಡಿಸಿ ಒರೆಸಿ. ಕೆಂಪಿದ್ದರೆ ಉಪ್ಪುನೀರಿನಲ್ಲಿ ಐದು ನಿಮಿಷ ಅದ್ದಿ ಹಿಡಿಯಿರಿ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಸಾಕು. ಅದನ್ನು ಕುಡಿಯಲು ಬಿಡಬೇಡಿ. ಮತ್ತೆ ಒರೆಸಿ, ಫ್ಯಾನಿನ ಕೆಳಗೆ ಪೂರ್ತಿ ಒಣಗಿಸಿ. ತೆಂಗಿನೆಣ್ಣೆ ಹಚ್ಚುವುದಾದರೆ ಅದರ ನಂತರ, ಪಾದದ ಅಡಿಯ ಒಡೆದ ಚರ್ಮಕ್ಕೆ ಮಾತ್ರ, ತೆಳ್ಳಗೆ. ಒದ್ದೆಯ ಮೇಲೆ ಎಣ್ಣೆ ಬಳಿದರೆ ತೇವ ಒಳಗೇ ಕೂತು ಬೂಸು ಇನ್ನೂ ಹೆಚ್ಚುತ್ತದೆ.

ಗುಂಡಗೆ ಕೂದಲು ಉದುರಿ ಸುತ್ತ ಹೊಟ್ಟು ಕಂಡರೆ ಹುಳಕಡ್ಡಿ ಇರಬಹುದು. ಅದು ಮಕ್ಕಳಿಗೂ ಅಂಟುತ್ತದೆ, ವೈದ್ಯರಿಗೆ ತೋರಿಸಿ. ಕಿವಿ ಕೆರೆಯುತ್ತಿದ್ದರೆ ಒಳಗೆ ಎಣ್ಣೆ ಬಿಡಬೇಡಿ. ಕಿವಿತಮಟೆ ತೂತಾಗಿದೆಯೋ ಇಲ್ಲವೋ ಹೊರಗಿಂದ ತಿಳಿಯುವುದಿಲ್ಲ.

ಹೊಟ್ಟೆ ಕೆಟ್ಟಾಗ

ಬೆಳೆದ ನಾಯಿ, ಒಸಡು ಸರಿಯಿದೆ, ಚುರುಕಾಗಿದೆ, ಎರಡು ಮೂರು ಸಲ ಭೇದಿ ಆಗಿದೆ ಅಷ್ಟೇ ಅಂದರೆ ಮನೆಯಲ್ಲೇ ನೋಡಬಹುದು. ಹತ್ತು ಹನ್ನೆರಡು ಗಂಟೆ ಊಟ ಕೊಡಬೇಡಿ. ನೀರು ಮಾತ್ರ ಎದುರಿಗೇ ಇರಲಿ. ಆಮೇಲೆ ಅನ್ನ ಪೂರ್ತಿ ಕರಗುವಷ್ಟು ಬೇಯಿಸಿದ ಗಂಜಿ, ಜೊತೆಗೆ ಬರೀ ನೀರಿನಲ್ಲಿ ಬೇಯಿಸಿದ ಮೂಳೆಯಿಲ್ಲದ ಕೋಳಿ. ಗಂಜಿ ಎರಡು ಪಾಲಾದರೆ ಕೋಳಿ ಒಂದು ಪಾಲು. ಕುಚ್ಚಲಕ್ಕಿಯಾದರೆ ಇನ್ನೂ ಜಾಸ್ತಿ ಹೊತ್ತು ಬೇಯಿಸಿ. ಒಂದೇ ಸಲ ಬೋಗುಣಿ ತುಂಬಬೇಡಿ. ದಿನಕ್ಕೆ ನಾಲ್ಕೈದು ಸಲ, ಸ್ವಲ್ಪ ಸ್ವಲ್ಪ. ಬೇಯಿಸಿದ ಸಿಹಿಕುಂಬಳ ಒಂದೆರಡು ಚಮಚ ಕಲಸಬಹುದು. ಹಾಲು ಬೇಡ. ಮನೆಯಲ್ಲಿ ಉಳಿದ ಸುಕ್ಕ, ಗಸಿಯಂಥ ಮಸಾಲೆ ಪದಾರ್ಥ ಯಾವತ್ತೂ ಬೇಡ. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿ-ಬೆಕ್ಕುಗಳ ರಕ್ತಕಣವನ್ನೇ ಒಡೆಯುತ್ತವೆ.

ಮರಿಗಳನ್ನು ಮತ್ತು ಬೆಕ್ಕುಗಳನ್ನು ಉಪವಾಸ ಹಾಕಬಾರದು. ಬೆಕ್ಕು ಎರಡು ಮೂರು ದಿನ ತಿನ್ನದೇ ಇದ್ದರೆ ಲಿವರ್ ಕೆಡುತ್ತದೆ. ಲಸಿಕೆ ಹಾಕಿಸದ ಮರಿಗೆ ವಾಂತಿ, ರಕ್ತ ಮಿಶ್ರಿತ ಭೇದಿ ಶುರುವಾದರೆ ಪಾರ್ವೋ ಅನ್ನುವ ವೈರಸ್ ಕಾಯಿಲೆ ಇರಬಹುದು. ಬೆಳಗಾಗಲಿ ಅಂತ ಕಾಯಬೇಡಿ.

ಬೆಕ್ಕಿನ ವಿಷಯ ಬಂದಾಗ ಇನ್ನೊಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ ಮೀನು ಹಿಡಿಯುವ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಬೂತಾಯಿ, ಬಂಗುಡೆ ಕಮ್ಮಿ, ಬೆಲೆ ಜಾಸ್ತಿ. ಆಗ ಬೆಕ್ಕಿಗೆ ಒಣಮೀನಿನ ತಲೆ ಹಾಕುವ ಮನೆಗಳಿವೆ. ಅಷ್ಟು ಉಪ್ಪು ಬೆಕ್ಕಿಗೆ ಒಳ್ಳೆಯದಲ್ಲ. ಬೇಯಿಸಿದ ಮೊಟ್ಟೆ, ಕೋಳಿ ಕೊಡಿ.

ಕಪ್ಪೆ ಕಚ್ಚಿದರೆ

ಮಳೆ ರಾತ್ರಿ ನಾಯಿ ಒಮ್ಮೆಲೇ ಬಾಯಿ ತುಂಬಾ ನೊರೆ ಸುರಿಸುತ್ತಾ ಒಳಗೆ ಬಂದರೆ, ಅಂಗಳದ ಗುಳ್ಳೆಗುಳ್ಳೆ ಮೈಯ ನೆಲಗಪ್ಪೆಯನ್ನು ಕಚ್ಚಿರಬಹುದು. ಅದರ ಚರ್ಮದಲ್ಲಿ ವಿಷ ಇದೆ. ತಲೆ ಕೆಳಗೆ ಬಾಗಿಸಿ, ಒದ್ದೆ ಬಟ್ಟೆಯಿಂದ ಒಸಡು ಮತ್ತು ನಾಲಿಗೆಯನ್ನು ಹತ್ತು ನಿಮಿಷ ಉಜ್ಜಿ ಒರೆಸಿ. ಬಟ್ಟೆ ಆಗಾಗ ತೊಳೆಯುತ್ತಿರಿ. ಗಂಟಲಿಗೆ ನೀರು ಸುರಿಯಬೇಡಿ. ತೂರಾಡಿದರೆ, ನಡುಗಿದರೆ ಆಸ್ಪತ್ರೆಗೆ. ಹಾವು ಕಚ್ಚಿದ್ದಕ್ಕೆ ಮನೆಮದ್ದು ಇಲ್ಲ.

ಇವನ್ನು ಮುಟ್ಟಲೇಬೇಡಿ

ಬೆಕ್ಕಿಗೆ ಪ್ಯಾರಾಸಿಟಮಾಲ್ ಒಂದು ಮಾತ್ರೆಯೂ ಜೀವ ತೆಗೆಯಬಹುದು. ನಾಯಿಗೆ ಐಬುಪ್ರೊಫೆನ್ ಬೇಡ. ನೀಲಗಿರಿ ಎಣ್ಣೆ, ಕರ್ಪೂರ, ನುಸಿಗುಳಿಗೆ ದೂರ ಇಡಿ. ಬೆಕ್ಕು ಓಡಾಡುವ ನೆಲಕ್ಕೆ ಫಿನಾಯಿಲ್ ಬೇಡ, ಪಾದಕ್ಕೆ ಹತ್ತಿದ್ದನ್ನು ಅದು ನೆಕ್ಕುತ್ತದೆ. ನಾಯಿಯ ಉಣುಗಿಗೆ ತಂದ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಬೆಕ್ಕಿಗೆ ಫಿಟ್ಸ್ ಬರುತ್ತದೆ.

ಮೈ ಬಿಸಿ ಇದೆ ಅನ್ನಿಸಿದರೆ ಮೂಗು ಮುಟ್ಟಿ ತೀರ್ಮಾನಿಸಬೇಡಿ. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಅದಕ್ಕೆಂದೇ ಒಂದು ಡಿಜಿಟಲ್ ಥರ್ಮಾಮೀಟರ್ ಬೇರೆ ಇಟ್ಟುಕೊಳ್ಳಿ, ತುದಿಗೆ ತೆಂಗಿನೆಣ್ಣೆ ಸವರಿ ಗುದದಲ್ಲಿ ಇಟ್ಟು ನೋಡಿ. 103 ದಾಟಿದರೆ, ಮೂಗಿನಲ್ಲಿ ರಕ್ತ ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ, ಗಾಯದಲ್ಲಿ ಹುಳ ಕಂಡರೆ ಅದೇ ದಿನ ಹೊರಡಿ. ಹೋಗುವಾಗ ನೀವು ಏನೇನು ಹಚ್ಚಿದಿರಿ, ಏನೇನು ಕುಡಿಸಿದಿರಿ, ಎಷ್ಟು ಹೊತ್ತಿಗೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕಷಾಯ ಕೊಟ್ಟಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.