ಪೋಲೋ ಜಿಟಿ: ಮೊದಲು ಟೈರು, ಆಮೇಲೆ ಶಾಕ್ಸ್, ಕೊನೆಗೆ ಪವರ್

ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಕಾರು ಇದೆ ಅಂದ ತಕ್ಷಣ ಜನ ಕೇಳುವುದು ಒಂದೇ ಪ್ರಶ್ನೆ. ರೀಮ್ಯಾಪ್ ಆಗಿದ್ಯಾ, ಎಷ್ಟು ಎಚ್‌ಪಿ ಬಂತು? ರೀಮ್ಯಾಪ್ ಅಂದರೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಪವರ್ ಹೆಚ್ಚಿಸುವುದು. ಶಾಕ್ಸ್, ಅಂದರೆ ಶಾಕ್ ಅಬ್ಸಾರ್ಬರ್, ಯಾವುದು ಅಂತ ಯಾರೂ ಕೇಳುವುದಿಲ್ಲ. ನನಗೆ ಹೇಳಬೇಕು ಅನ್ನಿಸುವುದು ಮಾತ್ರ ಅದನ್ನೇ. ವಾರವೆಲ್ಲ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಆಫೀಸಿಗೆ ಹೋಗಿ ಬರಬೇಕು, ರಜೆ ಸಿಕ್ಕರೆ ಮೂಡಿಗೆರೆ ದಾಟಿ ಚಾರ್ಮಾಡಿ ಘಟ್ಟ ಇಳಿಯಬೇಕು, ಎರಡಕ್ಕೂ ಇದೊಂದೇ ಕಾರು. ಅದಕ್ಕೆ ಎಂಜಿನ್ನೂ ಸಸ್ಪೆನ್ಷನ್ನೂ ಒಂದಕ್ಕೊಂದು ಹೊಂದುವ ಹಾಗೆ ಹೇಗೆ ಮಾಡಿಸಿಕೊಂಡೆ ಅನ್ನುವುದನ್ನು ಬರೆಯುತ್ತಿದ್ದೇನೆ.

ಕಂಪನಿ ಕೊಟ್ಟಾಗ ಕಾರು ಹೀಗಿತ್ತು. 1.2 ಲೀಟರ್ ಟರ್ಬೊ ಎಂಜಿನ್, 105 ಪಿಎಸ್, 175 ಎನ್‌ಎಂ ಟಾರ್ಕ್, ಅಂದರೆ ತಿರುಗಿಸುವ ಬಲ. ಆ ಟಾರ್ಕ್ 1,500 ಆರ್‌ಪಿಎಂಗೇ ಪೂರ್ತಿ ಸಿಗುತ್ತದೆ. ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ ಇರುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಕ್ಲಚ್ ಎಣ್ಣೆಯಲ್ಲಿ ಮುಳುಗಿರದ ಒಣ ಬಗೆಯದು. ಕಾರಿನ ತೂಕ ಸುಮಾರು 1,100 ಕೆಜಿ, ಅದರಲ್ಲಿ ಹೆಚ್ಚಿನ ಭಾಗ ಮುಂದೆಯೇ ಕೂತಿದೆ. ಎಳೆಯುವುದೂ ಮುಂದಿನ ಚಕ್ರ, ತಿರುಗಿಸುವುದೂ ಮುಂದಿನ ಚಕ್ರ. ಸಸ್ಪೆನ್ಷನ್ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗೂ ಶಾಕ್ಸೂ ಒಂದೇ ಕಂಬದಲ್ಲಿ), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರವನ್ನು ಜೋಡಿಸುವ ಅಡ್ಡ ತೊಲೆ). ನಮ್ಮ ರಸ್ತೆಗೆ ಅಂತ ಎತ್ತರಿಸಿ 168 ಎಂಎಂ ಗ್ರೌಂಡ್ ಕ್ಲಿಯರೆನ್ಸ್ ಕೊಟ್ಟಿದ್ದಾರೆ. ಹ್ಯಾಚ್‌ಬ್ಯಾಕ್ ಅಂತಲೇ ಕರೆಯಿರಿ, ನಮ್ಮಂಥವರ ಕೈಗೆಟುಕುವ ಸ್ಪೋರ್ಟ್ಸ್ ಕಾರು ಇದೇ.

ಪವರ್ ಯಾಕೆ ಕೊನೆಗೆ ಅಂದರೆ, ಆಕ್ಸಿಲರೇಟರ್ ಒತ್ತಿದಾಗ ಕಾರಿನ ಭಾರ ಹಿಂದಕ್ಕೆ ಸರಿಯುತ್ತದೆ. ಎಳೆಯಬೇಕಾದ ಮುಂದಿನ ಟೈರು ಅದೇ ಹೊತ್ತಿಗೆ ಹಗುರಾಗುತ್ತದೆ. ಒದ್ದೆ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ತಿರುವಿನಿಂದ ಹೊರಬರುವಾಗ ಜೋರಾಗಿ ಒತ್ತಿ ನೋಡಿ, ಡ್ಯಾಶ್‌ಬೋರ್ಡಿನಲ್ಲಿ ಇಎಸ್‌ಪಿ (ಚಕ್ರ ಜಾರದ ಹಾಗೆ ತಡೆಯುವ ವ್ಯವಸ್ಥೆ) ದೀಪ ಮಿಣುಕುತ್ತದೆ, ಎಂಜಿನ್ ತಾನಾಗಿಯೇ ಸುಮ್ಮನಾಗುತ್ತದೆ. ಇರುವ 175 ಎನ್‌ಎಂ ಕೂಡ ಆಗ ನೆಲಕ್ಕೆ ಇಳಿಯುತ್ತಿಲ್ಲ ಅಂತ ಅರ್ಥ. ಅದರ ಮೇಲೆ ಇನ್ನೂ 50 ಸೇರಿಸಿದರೆ ಆ ದೀಪ ಇನ್ನಷ್ಟು ಹೊತ್ತು ಮಿಣುಕುತ್ತದೆ, ಅಷ್ಟೇ.

ಟೈರಿನಿಂದ ಶುರು ಮಾಡಿದೆ. ಮೊದಲಿದ್ದದ್ದು 185/60 ಆರ್15, ಅಂದರೆ 185 ಎಂಎಂ ಅಗಲ, ಅದರ 60 ಪರ್ಸೆಂಟ್ ಎತ್ತರದ ಗೋಡೆ, 15 ಇಂಚಿನ ರಿಮ್. ಹಾಕಿಸಿದ್ದು 195/55 ಆರ್16. ಇದೇ ಅಳತೆಯನ್ನು ಮುಂದೆ ಕಂಪನಿಯೇ ಈ ಕಾರಿಗೆ ಕೊಟ್ಟಿತು. ಅಂಗಡಿಯವರು 17 ಇಂಚು ಹಾಕಿಸಿ ಸಾರ್, ಗಾಡಿ ತುಂಬಿಕೊಂಡಂಗೆ ಕಾಣತ್ತೆ ಅಂದರು. ಲೆಕ್ಕ ಹಾಕಿ ಬೇಡ ಅಂದೆ. 185ಕ್ಕೆ 60 ಪರ್ಸೆಂಟ್ ಅಂದರೆ ಟೈರಿನ ಗೋಡೆ 111 ಎಂಎಂ. 195ಕ್ಕೆ 55 ಅಂದರೆ 107. ಅಗಲ 10 ಎಂಎಂ ಜಾಸ್ತಿ ಆಯಿತು, ಗೋಡೆ ಕಳೆದುಕೊಂಡದ್ದು ಬರೀ 4 ಎಂಎಂ. 17 ಇಂಚಿನ 205/45 ಆದರೆ ಗೋಡೆ 92ಕ್ಕೆ ಇಳಿಯುತ್ತದೆ. ನಮ್ಮ ಗುಂಡಿಗೆ ಅಲಾಯ್ ಬೆಂಡ್ ಆಗುವುದು, ಟೈರ್ ಪಕ್ಕದಲ್ಲಿ ಗುಳ್ಳೆ ಏಳುವುದು ಅಲ್ಲಿಂದಲೇ ಶುರು. ಇನ್ನೊಂದು ಲಾಭವೂ ಇತ್ತು. ಹೊಸ ಚಕ್ರದ ಒಟ್ಟು ವ್ಯಾಸ ಸುಮಾರು 18 ಎಂಎಂ ದೊಡ್ಡದು, ಅಂದರೆ ಕಾರು 9 ಎಂಎಂ ಮೇಲೆದ್ದಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಶಾಕ್ಸ್. ಇಲ್ಲಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಸ್ಪೋರ್ಟ್ಸ್ ಸಸ್ಪೆನ್ಷನ್ ಅಂದರೆ ಕಾರು ಇಳಿಸುವುದು, ಗಟ್ಟಿ ಮಾಡುವುದು ಅಂತ ನಮ್ಮಲ್ಲಿ ನಂಬಿಕೆ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ಜಾಸ್ತಿ ಇಳಿಸಿದರೆ ಏನಾಗುತ್ತದೆ ಗೊತ್ತಾ? ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್ ಚಕ್ರದ ಕಡೆಗೆ ಮೇಲ್ಮುಖವಾಗಿ ವಾಲುತ್ತದೆ. ಅದರಿಂದ ರೋಲ್ ಸೆಂಟರ್, ಅಂದರೆ ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು, ಕಾರಿನ ಗುರುತ್ವ ಕೇಂದ್ರಕ್ಕಿಂತ ಬಹಳ ಬೇಗ ಕೆಳಗೆ ಹೋಗುತ್ತದೆ. ಕಾರು ನೋಡಲು ತಗ್ಗಾಗಿರುತ್ತದೆ, ತಿರುವಿನಲ್ಲಿ ವಾಲುವ ಸೆಳೆತ ಮಾತ್ರ ಹೆಚ್ಚಾಗಿರುತ್ತದೆ. ಅದನ್ನು ತಡೆಯಲು ಇನ್ನೂ ಗಟ್ಟಿ ಸ್ಪ್ರಿಂಗ್ ಬೇಕು. ಗಟ್ಟಿ ಸ್ಪ್ರಿಂಗ್ ಹಾಕಿದರೆ ಚಕ್ರ ಗುಂಡಿಯೊಳಗೆ ಇಳಿದು ಹತ್ತುವ ಬದಲು ನೆಲ ಬಿಟ್ಟು ಹಾರುತ್ತದೆ. ನೆಲ ಬಿಟ್ಟ ಟೈರಿಗೆ ಹಿಡಿತ ಎಲ್ಲಿಂದ ಬರಬೇಕು?

ಆದ್ದರಿಂದ ಸುಮಾರು 15 ಎಂಎಂ ಇಳಿಸುವ ಸ್ಪ್ರಿಂಗ್ ಸಾಕು ಅಂತ ತೀರ್ಮಾನಿಸಿದೆ. ಚಕ್ರದಿಂದ 9 ಎಂಎಂ ವಾಪಸ್ ಬಂದಿತ್ತಲ್ಲ, ಒಟ್ಟಾರೆ ಕಡಿಮೆ ಆದದ್ದು ಬೆರಳಿನ ಅಗಲವೂ ಇಲ್ಲ. ದುಡ್ಡು ಸುರಿದದ್ದು ಶಾಕ್ಸ್‌ಗೆ, ಬಿಲ್‌ಸ್ಟೀನ್ ಬಿ6. ಒಳಗೆ ಒಂದೇ ಕೊಳವೆ, ಗ್ಯಾಸ್ ಒತ್ತಡ ಇರುವುದರಿಂದ ಬಿಸಿಯಾದಾಗ ಎಣ್ಣೆ ನೊರೆ ಕಟ್ಟುವುದು ಕಡಿಮೆ. ಇದರ ಗುಣ ಗೊತ್ತಾಗುವುದು ರಂಬಲ್ ಸ್ಟ್ರಿಪ್ ಮೇಲೆ. ಊರು ಬರುವ ಮುಂಚೆ ಸಾಲಾಗಿ ಹಾಕಿರುತ್ತಾರಲ್ಲ, ಅದು. ಶಾಕ್ಸ್ ಮೇಲಕ್ಕೆ ಬಿಡುವುದು ತೀರಾ ನಿಧಾನವಾದರೆ ಒಂದು ಪಟ್ಟಿ ದಾಟಿ ಮುಂದಿನದಕ್ಕೆ ಹೋಗುವಷ್ಟರಲ್ಲಿ ಚಕ್ರ ಪೂರ್ತಿ ಕೆಳಗೆ ಬಂದಿರುವುದಿಲ್ಲ. ಪ್ರತಿ ಪಟ್ಟಿಗೂ ಕಾರು ಸ್ವಲ್ಪ ಸ್ವಲ್ಪ ಕುಗ್ಗುತ್ತಾ ಹೋಗಿ ಕೊನೆಗೆ ಬಂಪ್ ಸ್ಟಾಪ್ ಅನ್ನುವ ಮೆತ್ತನೆಯ ತಡೆಯ ಮೇಲೆ ಕೂರುತ್ತದೆ. ಬಿಡುವುದು ತೀರಾ ಸಡಿಲವಾದರೆ ಹಂಪ್ ಇಳಿದ ಮೇಲೂ ದೋಣಿಯ ಹಾಗೆ ತೂಗುತ್ತಲೇ ಇರುತ್ತದೆ. ನಾನು ಹಂಪ್ ಇಳಿಸಿ ನೋಡುತ್ತೇನೆ. ಒಂದು ಸಲ ಎದ್ದು, ಕೂತು, ಸುಮ್ಮನಾಗಬೇಕು. ಎರಡನೇ ಸಲ ಏಳಬಾರದು.

ಹಳೆಯ ಸ್ಟ್ರಟ್ ಬಿಚ್ಚುವಾಗ ಪಕ್ಕದಲ್ಲೇ ನಿಂತಿದ್ದೆ. ಬಂಪ್ ಸ್ಟಾಪ್ ಕೈಗೆ ಬಂದಾಗ ಹಳದಿ ಪುಡಿಯಾಗಿ ಉದುರಿತು. ಮೇಲಿನ ಮೌಂಟಿನ ರಬ್ಬರ್ ಸೀಳಿತ್ತು, ಬೇರಿಂಗ್ ತಿರುಗಿಸಿದರೆ ಮರಳು ಸಿಕ್ಕಂಗೆ ಕರಕರ ಅನ್ನುತ್ತಿತ್ತು. ಇವೆಲ್ಲವನ್ನೂ ಜೊತೆಗೇ ಬದಲಾಯಿಸಿ. ಶಾಕ್ಸ್ ಬೆಲೆ ಮುಂದೆ ಇವು ಚಿಲ್ಲರೆ, ಇನ್ನೊಮ್ಮೆ ಬಿಚ್ಚುವ ಕೂಲಿ ಉಳಿಯುತ್ತದೆ. ಲಿಂಕ್ ರಾಡ್, ಕೆಳಗಿನ ಆರ್ಮಿನ ಬುಷ್ (ಕೀಲಿನಲ್ಲಿ ಕೂರುವ ರಬ್ಬರ್) ಕೂಡ ಹೊಸದು ಹಾಕಿಸಿದೆ. ಬುಷ್ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕಾರು ಲಿಫ್ಟ್ ಮೇಲೆ, ಚಕ್ರ ನೇತಾಡುತ್ತಿರುವಾಗ ಆ ಬೋಲ್ಟ್ ಪೂರ್ತಿ ಬಿಗಿ ಮಾಡಬಾರದು. ಹಾಗೆ ಮಾಡಿದರೆ ಕಾರು ಕೆಳಗಿಳಿದಾಗ ಒಳಗಿನ ರಬ್ಬರ್ ತಿರುಚಿಕೊಂಡೇ ಉಳಿಯುತ್ತದೆ, ಬೇಗ ಹರಿಯುತ್ತದೆ. ಆರ್ಮ್ ಕೆಳಗೆ ಜಾಕ್ ಕೊಟ್ಟು ಚಕ್ರ ನೆಲದ ಮೇಲೆ ನಿಂತಷ್ಟೇ ಎತ್ತರಕ್ಕೆ ತಂದು, ಆಮೇಲೆ ಬಿಗಿ ಮಾಡಬೇಕು. ನಮ್ಮ ಮೆಕ್ಯಾನಿಕ್ ಅಣ್ಣ ಇದನ್ನು ನಾನು ಹೇಳುವ ಮುಂಚೆಯೇ ಮಾಡಿದರು. ಅವತ್ತಿನಿಂದ ಅವರನ್ನು ಬಿಟ್ಟು ಬೇರೆ ಕಡೆ ಹೋಗಿಲ್ಲ. ಕೆಲಸ ಮುಗಿದು, ಕೆಲವು ದಿನ ಓಡಿಸಿ, ಸ್ಪ್ರಿಂಗ್ ಕೂತ ಮೇಲೆ ಅಲೈನ್‌ಮೆಂಟ್ ಮಾಡಿಸಿದೆ.

ಬ್ರೇಕಿಗೆ ದೊಡ್ಡ ಖರ್ಚು ಮಾಡಲಿಲ್ಲ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಅದೇ ಇದೆ. ಒಳ್ಳೆಯ ಪ್ಯಾಡ್ ಹಾಕಿಸಿ ಬ್ರೇಕ್ ಆಯಿಲ್ ಬದಲಾಯಿಸಿದೆ. ಈ ಆಯಿಲ್ ಗಾಳಿಯಲ್ಲಿರುವ ನೀರನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯುವುದು ಕನಿಷ್ಠ 230 ಡಿಗ್ರಿಗೆ, ನೀರು ಸೇರಿದರೆ ಅದರ ಮಿತಿ 155ರವರೆಗೂ ಇಳಿಯಬಹುದು. ಘಟ್ಟ ಇಳಿಯುವಾಗ ಪೆಡಲ್ ಮೆತ್ತಗಾಗುವುದಕ್ಕೆ ಇದೇ ಒಂದು ದೊಡ್ಡ ಕಾರಣ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಇಳಿಜಾರಿನಲ್ಲಿ ಗೇರನ್ನು ಮ್ಯಾನುಯಲ್‌ಗೆ ಹಾಕಿ ಎರಡರಲ್ಲೋ ಮೂರರಲ್ಲೋ ಹಿಡಿಯಿರಿ.

ಇಷ್ಟೆಲ್ಲ ಆದ ಮೇಲೆ ರೀಮ್ಯಾಪ್. ಟ್ಯೂನರ್ ಹತ್ತಿರ ನಾನು ಕೇಳಿದ್ದು ಎಷ್ಟು ಜಾಸ್ತಿ ಆಗುತ್ತದೆ ಅಂತಲ್ಲ, ಎಲ್ಲಿ ಜಾಸ್ತಿ ಆಗುತ್ತದೆ ಅಂತ. ಈ ಒಣ ಕ್ಲಚ್ ಡಿಎಸ್‌ಜಿಗೆ ಕಂಪನಿ ಹಾಕಿರುವ ಮಿತಿ 250 ಎನ್‌ಎಂ. ಅದರ ಅಂಚಿಗೆ ಹೋಗದೆ 220ಕ್ಕೆ ನಿಲ್ಲಿಸಿ ಅಂದೆ. 1,500ಕ್ಕೇ ಧುಮುಕುವುದು ಬೇಡ, 2,200 ದಾಟಿದ ಮೇಲೆ ಏರಲಿ, ಮೊದಲ ಎರಡು ಗೇರಿನಲ್ಲಿ ಇನ್ನೂ ಮೆಲ್ಲಗೆ ಬರಲಿ ಅಂದೆ. ಕಡಿಮೆ ಆರ್‌ಪಿಎಂನಲ್ಲಿ ಜಾಸ್ತಿ ಬೂಸ್ಟ್ (ಟರ್ಬೊದ ಗಾಳಿ ಒತ್ತಡ) ಕೊಟ್ಟರೆ ಇಂಥ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನಲ್ಲಿ ಸ್ಪಾರ್ಕ್ ಬರುವ ಮುಂಚೆಯೇ ಪೆಟ್ರೋಲ್ ಹೊತ್ತಿಕೊಳ್ಳುವ ಅಪಾಯ ಇದೆ, ಪಿಸ್ಟನ್ನಿಗೇ ಪೆಟ್ಟು. ಟ್ರಾಫಿಕ್‌ನಲ್ಲಿ ಕ್ಲಚ್ ಸವೆಯುವುದೂ ಅಲ್ಲೇ. ಮ್ಯಾಪ್ ಹಾಕುವ ಮುಂಚೆ ಪ್ಲಗ್, ಎಂಜಿನ್ ಆಯಿಲ್ ಹೊಸದು ಮಾಡಿ, ಬೆಳಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಟೈಮಿಂಗ್ ಚೈನ್ ಸದ್ದು ಕೇಳಿಸಿಕೊಂಡೆವು. ಪೆಟ್ರೋಲ್ 95 ಆಕ್ಟೇನಿನದು. ಪವರ್ ಅಳೆಯುವ ಯಂತ್ರಕ್ಕೆ ಡೈನೊ ಅನ್ನುತ್ತಾರೆ, ಅದರ ಚೀಟಿ ನೋಡುವಾಗ ಹುಷಾರು. ಯಂತ್ರ ಅಳೆಯುವುದು ಚಕ್ರದಲ್ಲಿ ಸಿಕ್ಕಿದ್ದನ್ನು, ಎಂಜಿನ್ನಿನದು ಅಂತ ಬರೆಯುವುದು ಲೆಕ್ಕ ಹಾಕಿದ ಅಂದಾಜು. ಒಂದೇ ಡೈನೊದಲ್ಲಿ, ಒಂದೇ ದಿನ, ಮುಂಚೆ ಮತ್ತು ಆಮೇಲೆ ಎರಡನ್ನೂ ಅಳೆಸಿದರೆ ಮಾತ್ರ ಹೋಲಿಕೆಗೆ ಬೆಲೆ.

ಚಾರ್ಮಾಡಿ ಘಟ್ಟದ ಮೇಲಿರುವ ಕೊಟ್ಟಿಗೆಹಾರದಿಂದ ಕೆಳಗೆ, ಮಳೆ ನಿಂತು ರಸ್ತೆ ಇನ್ನೂ ಒದ್ದೆ ಇರುವಾಗ ಇದರ ಫಲ ಕಾಣುತ್ತದೆ. ಹೇರ್‌ಪಿನ್ ತಿರುವಿನ ಒಳಬದಿಯಲ್ಲಿ ಡಾಂಬರು ಕಿತ್ತು ಹೋಗಿರುವ ಕಡೆ ಮುಂಚೆ ಕಾರು ಪಕ್ಕಕ್ಕೆ ಜಿಗಿಯುತ್ತಿತ್ತು. ಈಗ ಚಕ್ರ ಇಳಿದು ಹತ್ತುತ್ತದೆ, ಸ್ಟೀರಿಂಗ್ ಅಲ್ಲೇ ಇರುತ್ತದೆ. ಮೇಲೆ ಹತ್ತಿ ಬರುವಾಗ ಎರಡನೇ ಗೇರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಒತ್ತಿದರೂ ದೀಪ ಮಿಣುಕುವುದು ಅಪರೂಪ. ಮೂರನೇ ಗೇರಿನಲ್ಲಿ ಲಾರಿ ದಾಟಬೇಕಾದಾಗ ಹೆಚ್ಚಿನ ಟಾರ್ಕ್ ಎಲ್ಲಿ ಬೇಕಿತ್ತೋ ಅಲ್ಲೇ ಸಿಗುತ್ತದೆ. ಹಿಂದೆ ಕೂರುವ ಅಮ್ಮ ಈಗ ವಾಂತಿ ಬರತ್ತೆ ಅನ್ನುವುದಿಲ್ಲ. ನನಗೆ ಡೈನೊ ಚೀಟಿಗಿಂತ ಇದು ದೊಡ್ಡದು.

ಕಾನೂನಿನ ಬಗ್ಗೆಯೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಏನೇ ಮಾಡಿಸುವ ಮುಂಚೆ ಆರ್‌ಟಿಒದಲ್ಲಿ ವಿಚಾರಿಸಿ, ಇನ್ಶೂರೆನ್ಸ್‌ನವರಿಗೆ ಬರವಣಿಗೆಯಲ್ಲೇ ತಿಳಿಸಿ. ಸೈಲೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್ ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಬೆಳಗಿನ ಜಾವ ಮನೆಯಿಂದ ಹೊರಡುವಾಗ ಬೀದಿಯವರಿಗೆ ಯಾಕೆ ತೊಂದರೆ?

ಮುಂದಿನ ಕೆಲಸ ಹಿಂದಿನ ಬೀಮಿನ ಬುಷ್. ಹಂಪ್ ಮೇಲೆ ಓರೆಯಾಗಿ ಹೋದಾಗ ಹಿಂದಿನಿಂದ ಸಣ್ಣದೊಂದು ಕಿರ್ ಅನ್ನುವ ಸದ್ದು ಶುರುವಾಗಿದೆ. ಕಂಪನಿ ರಬ್ಬರ್ರೇ ಸಾಕು ಅಂತ ಮೆಕ್ಯಾನಿಕ್ ಅಣ್ಣ ಹೇಳುತ್ತಾರೆ. ಹಿಂಬದಿ ಸ್ವಲ್ಪ ಗಟ್ಟಿಯಾದರೆ ಮುಂಬದಿ ಇನ್ನೂ ಚುರುಕಾಗಿ ತಿರುಗುತ್ತದೆ ಅನ್ನುವುದು ನನ್ನ ಲೆಕ್ಕ. ಮಳೆಗಾಲ ಮುಗಿಯುವವರೆಗೆ ಮಾತ್ರ ಅವರ ಮಾತೇ ನಡೆಯಲಿ, ಒದ್ದೆ ಘಟ್ಟದಲ್ಲಿ ಹಿಂದಿನ ಚಕ್ರ ಮೊದಲು ಜಾರುವ ಕಾರು ನನಗೆ ಬೇಡ.