ಹೊಸ ರ‍್ಯಾಮ್ ಕೊಳ್ಳುವ ಮುನ್ನ

ಕಂಪ್ಯೂಟರ್ ಪದೇ ಪದೇ ನೀಲಿ ಪರದೆ ತೋರಿಸುತ್ತಿದೆಯೇ? ಮೊದಲು ಬಯೋಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳಿಗೆ) ಹೋಗಿ, ರ‍್ಯಾಮ್ ಅಂದರೆ ಮೆಮೊರಿ ಪಟ್ಟಿಯ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆಫ್ ಮಾಡಿ ನೋಡಿ. ಎಷ್ಟೋ ಬಾರಿ ತಪ್ಪು ರ‍್ಯಾಮ್‌ನದಲ್ಲ, ಅದನ್ನು ಓಟಕ್ಕೆ ಹಚ್ಚಿದ ನಮ್ಮದು. ಆಮೇಲೂ ಕುಸಿದರೆ ಒಂದೇ ರ‍್ಯಾಮ್ ಉಳಿಸಿ ರಾತ್ರಿಯಿಡೀ ಮೆಮ್‌ಟೆಸ್ಟ್86 ಎಂಬ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ನಡೆಸಿ. ಒಂದೇ ಒಂದು ದೋಷ ಕಂಡರೂ ಅಲಕ್ಷಿಸಬೇಡಿ. ಅದೇ ರ‍್ಯಾಮ್ ಅನ್ನು ಬೇರೆ ಸ್ಲಾಟ್‌ಗೆ (ರ‍್ಯಾಮ್ ಕೂರುವ ಸೀಳಿಗೆ) ಹಾಕಿ ಮತ್ತೆ ಪರೀಕ್ಷಿಸಿ. ದೋಷ ರ‍್ಯಾಮ್‌ನ ಬೆನ್ನು ಹತ್ತಿ ಬಂದರೆ ಅದೇ ಕಳ್ಳ, ಹಳೆಯ ಸ್ಲಾಟ್‌ನಲ್ಲೇ ಉಳಿದರೆ ಸ್ಲಾಟ್‌ಗಳಿರುವ ಮದರ್‌ಬೋರ್ಡ್ ಮೇಲೆ ಅನುಮಾನಪಡಿ. ನನ್ನ ಯಂತ್ರದಲ್ಲಿ ಎರಡೂ ಅಲ್ಲ, ರ‍್ಯಾಮ್‌ನ ಹೊಂಬಣ್ಣದ ಅಂಚಿಗೆ ಕೂತಿದ್ದ ಕೊಳೆ! ಒರೆಸಿ, ಎರಡೂ ಬದಿಯ ಕೊಂಡಿ ಟಕ್ ಎನ್ನುವಂತೆ ಒತ್ತಿದ ಮೇಲೆ ಸರಿಹೋಯಿತು.

ಕೊಳ್ಳಲೇಬೇಕಾದರೆ ರ‍್ಯಾಮ್‌ನ ತಲೆಮಾರು ನೋಡಿ: ಡಿಡಿಆರ್4 ಜಾಗದಲ್ಲಿ ಅದರ ನಂತರದ ಡಿಡಿಆರ್5 ಕೂರುವುದಿಲ್ಲ, ಕಚ್ಚಿನ ಸ್ಥಾನವೇ ಬೇರೆ. ಲ್ಯಾಪ್‌ಟಾಪ್‌ನ ರ‍್ಯಾಮ್ ಗಿಡ್ಡ. 2400 ವೇಗದ್ದರ ಪಕ್ಕದಲ್ಲಿ 3200 ವೇಗದ್ದು ಹಾಕಿದರೆ ಎರಡೂ ನಿಧಾನದ್ದರ ವೇಗಕ್ಕೇ ಇಳಿಯುತ್ತವೆ. ಹಳೆಯದಕ್ಕೆ ಹೊಸದನ್ನು ಬೆಸೆಯುವುದಕ್ಕಿಂತ ಒಂದೇ ಪೊಟ್ಟಣದ ಜೋಡಿ ಲೇಸು. ಮದರ್‌ಬೋರ್ಡ್ ತಯಾರಕರ ಹೊಂದಾಣಿಕೆ ಪಟ್ಟಿಯಲ್ಲಿ ಅದರ ಮಾದರಿ ಸಂಖ್ಯೆ ಹುಡುಕಿ. ಅಂದಹಾಗೆ, ಕೆಟ್ಟದ್ದನ್ನು ಎಸೆಯಬೇಡಿ. ಹಲವು ರ‍್ಯಾಮ್‌ಗಳಿಗೆ ಜೀವಮಾನದ ವಾರಂಟಿ ಇರುತ್ತದೆ.