ಆಸಿಡ್ ಗಾಯದ ಪ್ರೆಶರ್ ಪಟ್ಟಿ: ಕುಮಟಾದಲ್ಲೇ ಹೊಲಿದ ನನ್ನ ಅನುಭವ

ಪ್ರೆಶರ್ ಗಾರ್ಮೆಂಟ್ ಅಂದರೆ ಸುಟ್ಟಗಾಯ ಮುಚ್ಚಿದ ಮೇಲೆ ಕಲೆ ಉಬ್ಬದಂತೆ ಒತ್ತಿ ಹಿಡಿಯುವ ಬಿಗಿ ಬಟ್ಟೆ. ಅದನ್ನು ದೊಡ್ಡ ಊರಿನ ಕಂಪನಿಯವರೇ ಮಾಡಬೇಕು, ಬ್ಲೌಸ್ ಹೊಲಿಯುವವರಿಗೆ ಆಗುವ ಕೆಲಸ ಅಲ್ಲ ಎಂದವರೇ ಜಾಸ್ತಿ. ಹೊಲಿದು ತೋರಿಸಿದೆ. ಆಸಿಡ್ ದಾಳಿಯಲ್ಲಿ ಕುತ್ತಿಗೆ ಸುಟ್ಟ ಒಬ್ಬ ತಂಗಿಗೆ ನಾನು ಹೊಲಿದ ಪಟ್ಟಿ ನೋಡಿದ ಹುಬ್ಬಳ್ಳಿಯ ಫಿಸಿಯೋ ಮೇಡಂ, ಈಗ ಬೇರೆ ಸುಟ್ಟಗಾಯದವರನ್ನೂ ನನ್ನ ಹತ್ತಿರ ಕಳಿಸುತ್ತಿದ್ದಾರೆ.

ಆ ತಂಗಿ ನಗರದಿಂದ ಒಂದು ಜೊತೆ ತರಿಸಿದ್ದಳು. ಏಳೆಂಟು ಸಾವಿರ ಆಗಿತ್ತಂತೆ. ದಿನಕ್ಕೆ 23 ಗಂಟೆ ಹಾಕಬೇಕು, ಅದೂ ವರ್ಷಗಟ್ಟಲೆ. ನಮ್ಮ ಕರಾವಳಿಯ ಸೆಕೆಯಲ್ಲಿ! "ರಾತ್ರಿ ತೆಗ್ದಿಡ್ತೆ ಅಕ್ಕಾ, ಉರಿ ತಡಿಯೂಕಾಗುದಿಲ್ಲ" ಎಂದಳು. ಅಷ್ಟರಲ್ಲಿ ಕಲೆ ಉಬ್ಬಿ, ಚರ್ಮ ಗದ್ದವನ್ನು ಎದೆಯ ಕಡೆ ಎಳೆಯಲು ಶುರುವಾಗಿತ್ತು. ಎರಡು ಮೂರು ತಿಂಗಳಿಗೆ ಪಟ್ಟಿಯ ಬಿಗಿ ಹೋಗುತ್ತದೆ, ಹೊಸದು ಬೇಕು. ಆಪರೇಷನ್ನಿಗೇ ಬಂಗಾರ ಅಡವಿಟ್ಟ ಮನೆಯವರು ಎಲ್ಲಿಂದ ತರಬೇಕು?

ಮೊದಲು ಲೆಗಿಂಗ್ಸ್ ಬಟ್ಟೆ ನೋಡಿದೆ. ವಾರದೊಳಗೆ ಜೋತುಬಿತ್ತು. ಈಜುವ ಡ್ರೆಸ್ಸಿನ ಬಟ್ಟೆಗೆ ಬಿಗಿ ಇತ್ತು, ಆದರೆ ಬೆವರು ಒಳಗೇ ನಿಂತು ಗುಳ್ಳೆ ಎದ್ದವು. ಹುಕ್ಕು ಉಪ್ಪುಗಾಳಿಗೆ ತುಕ್ಕು ಹಿಡಿಯಿತು. ವೆಲ್ಕ್ರೋಗೆ ಕೂದಲು ಸಿಕ್ಕಿಕೊಂಡಿತು. ಐದಾರು ಸಾವಿರ ಹೀಗೇ ಹೋಯಿತು. ಕೊನೆಗೆ ಕೈಹಿಡಿದದ್ದು ಪವರ್‌ನೆಟ್, ಅಂದರೆ ಗಾಳಿಯಾಡುವ, ಎಳೆದರೂ ಬಿಗಿ ಬಿಡದ ಬಲೆಯಂಥ ಬಟ್ಟೆ. ಹುಬ್ಬಳ್ಳಿಯಲ್ಲಿ ಮೀಟರಿಗೆ ಮುನ್ನೂರರ ಆಸುಪಾಸು.

ಹೊಲಿಗೆ ಹೊರಗಡೆ ಬರಲಿ, ಜಿಗ್‌ಜಾಗ್ ಮಾತ್ರ, ಸೂಜಿ ಬಾಲ್ ಪಾಯಿಂಟ್ (ಮೊನೆ ಗುಂಡಗಿರುವುದು). ಅಳತೆಯಲ್ಲಿ ಮೊದಲ ಜೊತೆಗೆ 10 ಪರ್ಸೆಂಟ್ ಇಳಿಸುತ್ತೇನೆ, ಚರ್ಮ ಹೊಂದಿಕೊಂಡ ಮೇಲೆ 15ರ ತನಕ. ಕೈಕಾಲಿಗೆ 20 ನಡೆಯುತ್ತದೆ, ಕುತ್ತಿಗೆಗೆ ಬೇಡ. ಪಟ್ಟಿ ಹಾಕಿ ಕೂರಿಸಿ ಒಂದು ಲೋಟ ನೀರು ಕುಡಿಸುತ್ತೇನೆ. ಗುಟುಕು ಸಲೀಸಾಗಿ ಇಳಿಯಬೇಕು. ಮಾತಾಡಿಸುತ್ತೇನೆ, ಎರಡೂ ಕಡೆ ತಿರುಗಿಸುತ್ತೇನೆ. ಆಮೇಲೇ ಕೊನೆಯ ಹೊಲಿಗೆ.

ಗದ್ದದ ಕೆಳಗಿನ ಗುಳಿಯಲ್ಲಿ ಬಟ್ಟೆ ಎಷ್ಟು ಬಿಗಿದರೂ ತಾಗುವುದಿಲ್ಲ. ಅಲ್ಲೊಂದು ಪುಟ್ಟ ದಿಂಬು ಬೇಕು. ಅವಳು ತರಿಸಿದ್ದ ಜೊತೆಯಲ್ಲಿ ಇಲ್ಲದ್ದು ಅದೇ. ಯಾವುದರಿಂದ ಮಾಡುತ್ತೇನೆ, ಹೇಗೆ ಕತ್ತರಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ನಡುವೆ ಬಣ್ಣದ ಪ್ರಯೋಗವನ್ನೂ ಮಾಡಿದೆ. ಅವಳ ಹತ್ತಿರ ಇದ್ದದ್ದು ಚರ್ಮದ ಬಣ್ಣದ್ದು, ಬೇಗ ಕೊಳೆ ಕಾಣುತ್ತಿತ್ತು. ಚೂಡಿದಾರಕ್ಕೆ ಮ್ಯಾಚಿಂಗ್ ಕಡುನೀಲಿ ಕೇಳಿದಳು, ಹೊಲಿದುಕೊಟ್ಟೆ. ಅದನ್ನು ಹಾಕಿಕೊಂಡು ಹಗಲು ಹೊತ್ತಿನಲ್ಲೇ ಪೇಟೆಗೆ ಬಂದಳು. ಅಲ್ಲಿಯವರೆಗೆ ಅಳತೆ ಕೊಡಲಿಕ್ಕೂ ಅಂಗಡಿ ಬಾಗಿಲು ಹಾಕಿದ ಮೇಲೇ ಬರುತ್ತಿದ್ದಳು. ಮಳೆಗಾಲಕ್ಕೆ ಎರಡಲ್ಲ, ಮೂರು ಪಟ್ಟಿ ಬೇಕು. ಒಲೆಯ ಮೇಲೆ ಒಣಗಿಸಿದರೆ ಬಟ್ಟೆಯಲ್ಲಿರುವ ಲೈಕ್ರಾ ಎಂಬ ಎಳೆಯುವ ನೂಲು ಸತ್ತುಹೋಗುತ್ತದೆ, ಫ್ಯಾನ್ ಕೆಳಗೆ ಹರವಿ. ಒಂದಕ್ಕೆ ನಾನು ತೆಗೆದುಕೊಳ್ಳುವುದು ಒಂಬೈನೂರರ ಒಳಗೆ.

ದುಡ್ಡಿನ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಆಸಿಡ್ ದಾಳಿಗೊಳಗಾದವರಿಗೆ ಕನಿಷ್ಠ 3 ಲಕ್ಷ ಪರಿಹಾರ ಕೊಡಬೇಕು, ಅದರಲ್ಲಿ 1 ಲಕ್ಷ 15 ದಿನದೊಳಗೆ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಖಾಸಗಿ ಆಸ್ಪತ್ರೆಯಲ್ಲೂ ಚಿಕಿತ್ಸೆ ಉಚಿತ ಎಂದು 2015ರಲ್ಲಿ ಹೇಳಿತು. ಆ ಮನೆಯವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಲು ನಾನೇ ಜೊತೆಗೆ ಹೋದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಕೊಡುವ ಕಾರ್ಡಿಗೂ ಅರ್ಜಿ ಹಾಕಿಸಿದೆ.

ಅದೇ 2013ರ ಆದೇಶದಲ್ಲಿ ಅಂಗಡಿಯವರಿಗೂ ನಿಯಮ ಇದೆ. ಆಸಿಡ್ ಕೊಂಡವರ ಹೆಸರು, ವಿಳಾಸ ಬರೆದಿಡಬೇಕು, ಫೋಟೋ ಇರುವ ಗುರುತಿನ ಚೀಟಿ ನೋಡಬೇಕು, ಯಾಕೆ ಬೇಕು ಎಂದು ಕೇಳಬೇಕು. 18 ವರ್ಷ ಆಗದವರಿಗೆ ಕೊಡುವಂತೆಯೇ ಇಲ್ಲ. ತಪ್ಪಿದರೆ 50,000 ರೂಪಾಯಿವರೆಗೆ ದಂಡ. ನಮ್ಮ ಪೇಟೆಯಲ್ಲಿ ಹಳೇ ನೀರಿನ ಬಾಟಲಿಗೆ ತುಂಬಿ ಸುಮ್ನೆ ಮಾರುತ್ತಿದ್ದರು. ಆದೇಶದ ಪ್ರತಿ ಹಿಡಿದು ಅಂಗಡಿ ಅಂಗಡಿಗೆ ಹೋದೆ. "ನಮ್ಮೂರಲ್ಲಿ ಯಾರು ಹಾಕ್ತಾರೆ ಅಕ್ಕಾ" ಎಂದವರಿಗೆ ಆ ತಂಗಿಯ ಊರು ಎಷ್ಟು ಹತ್ತಿರ ಎಂದು ಹೇಳಿದೆ. ಎರಡು ಮೂರು ಅಂಗಡಿಯವರು ಬಿಡಿಯಾಗಿ ಮಾರುವುದನ್ನೇ ನಿಲ್ಲಿಸಿದರು. ಸೊನಗಾರ ಅಣ್ಣ ಒಬ್ಬರು ನೈಟ್ರಿಕ್ ಆಸಿಡ್ಡನ್ನು ಬೀಗದೊಳಗೆ ಇಟ್ಟರು. ಉಳಿದವರ ಹತ್ತಿರ ಇನ್ನೂ ಹೋಗುತ್ತಿದ್ದೇನೆ.

ಈಗ ಮುಖದ ಮಾಸ್ಕಿಗೆ ಕೈಹಾಕಿದ್ದೇನೆ. ಮೂಗಿನ ಪಕ್ಕದ ತಗ್ಗಿನಲ್ಲಿ ಬಟ್ಟೆ ಇನ್ನೂ ಕೂರುತ್ತಿಲ್ಲ. ಜಿಗ್‌ಜಾಗ್ ಮಿಷಿನ್ ಇರುವ ಟೇಲರ್‌ಗಳು ಬಂದರೆ ಕುತ್ತಿಗೆ ಪಟ್ಟಿಯ ಪ್ಯಾಟರ್ನ್ ಕಾಗದದಲ್ಲಿ ಕತ್ತರಿಸಿ ಕೊಡುತ್ತೇನೆ. ಗಾಯ ಪೂರ್ತಿ ಮುಚ್ಚಿದೆ ಎಂದು ಡಾಕ್ಟರ್ ಚೀಟಿ ಕೊಡುವ ತನಕ ಮಾತ್ರ ಯಾರಿಗೂ ಹೊಲಿಯಬೇಡಿ.